ಎಡಗೈ ಕೇಳಿಸುವ ಪೆಟ್ಟಿಗೆ

ಮನೆಗೆ ಬಣ್ಣ ಹೊಡೆಸುವುದೆಂದರೆ ಗೋಡೆಗೆ ಸಂಬಂಧಪಟ್ಟ ಕೆಲಸ ಎಂದು ನಾನು ತಿಳಿದಿದ್ದೆ. ಅಲ್ಲ. ಮನೆಯ ಸಾಮಾನನ್ನೆಲ್ಲ ನಡುಮಧ್ಯಕ್ಕೆ ತಂದು ಗುಡ್ಡೆ ಹಾಕಿ, ಆ ಗುಡ್ಡೆಯ ಸುತ್ತ ಪ್ರದಕ್ಷಿಣೆ ಹಾಕುತ್ತ ಸಂಸಾರ ಮಾಡುವುದೇ ಅದರ ದೊಡ್ಡ ಭಾಗ. ಮೊನ್ನೆ ಉಪ್ಪಲ್‌ನ ನಮ್ಮ ಫ್ಲಾಟಿನಲ್ಲಿ ಆ ಕೆಲಸಕ್ಕೆ ಕೈ ಹಾಕಿದೆ. ಹಾಲ್‌ನಲ್ಲಿ ಕಬ್ಬಿಣದ ಟ್ರಂಕಿಗೂ ಅಡುಗೆಮನೆಯ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಕರಿ ಪೆಟ್ಟಿಗೆಯನ್ನು ಮೆಲ್ಲಗೆ ಈಚೆಗೆ ಎಳೆದೆ. ಎಳೆಯುತ್ತಲೇ ಪೌಡರಿನ ವಾಸನೆ ಎದ್ದಿತು, ಮಕ್ಕಳಿಗೆ ಸ್ನಾನವಾದ ಮೇಲೆ ಹಚ್ಚುವ ಬಿಳಿ ಪೌಡರಿನದು. ನಮ್ಮ ಮನೆಯಲ್ಲಿ ಎಳೆಮಗು ಇಲ್ಲ. ಪೆಟ್ಟಿಗೆಯ ಮೇಲ್ಮೈಯ ಸಣ್ಣ ಗೀರುಗಳಲ್ಲಿ, ಅಂಚಿನ ಸಂದಿನಲ್ಲಿ ಆ ಪೌಡರು ಗೆರೆಗೆರೆಯಾಗಿ ಕೂತಿತ್ತು. ಒರೆಸಲೆಂದು ಬಟ್ಟೆ ಹಿಡಿದುಕೊಂಡವನು ಒರೆಸದೆ ಅಲ್ಲೇ ನೆಲದ ಮೇಲೆ ಕುಳಿತೆ.

ಪೆಟ್ಟಿಗೆಯ ಹೆಸರು ಸಬ್‌ವೂಫರ್. ಸಂಗೀತದಲ್ಲಿ ತೀರ ತಗ್ಗಿನ ಸದ್ದುಗಳಿರುತ್ತವಲ್ಲ, ಕಿವಿಗಿಂತ ಮೊದಲು ಎದೆಗೂ ಅಂಗಾಲಿಗೂ ಗೊತ್ತಾಗುವಂಥವು, ಅವನ್ನು ಮಾತ್ರ ಹೊರಡಿಸುವುದು ಇದರ ಉದ್ಯೋಗ. ನನಗೆ ಸಂಗೀತದ ಗಂಧವಿಲ್ಲ. ಮಾದಾಪುರದ ಒಂದು ಕಂಪನಿಯಲ್ಲಿ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಕಂಡದ್ದನ್ನು ಕಂಡಷ್ಟೇ, ಕೇಳಿದ್ದನ್ನು ಕೇಳಿದಷ್ಟೇ ಹೇಳಬೇಕೆಂಬುದು ಅಲ್ಲಿಂದ ಅಂಟಿದ ಚಾಳಿ. ನನ್ನ ಹೆಂಡತಿ ಸುನಂದಾ ಅದನ್ನು ಕಾಯಿಲೆ ಎನ್ನುತ್ತಾಳೆ. ಇರಲಿ. ಈ ಪೆಟ್ಟಿಗೆ ನಮ್ಮ ಮನೆಗೆ ಬಂದ ಭಾನುವಾರ ಏನಾಯಿತು ಎಂಬುದನ್ನು ಹೇಳುವಾಗ ಆ ಕಾಯಿಲೆ ಸ್ವಲ್ಪ ಉಪಯೋಗಕ್ಕೆ ಬಂದೀತು. ಏಕೆಂದರೆ ಆ ದಿನ ನನ್ನೊಳಗೆ ಏನೋ ಅಲುಗಾಡಿತು. ಅಲುಗಾಡಿದವನು ಹೇಳುವ ಮಾತನ್ನು ನೀವು ತೂಗಿ ನೋಡಿಯೇ ನಂಬಬೇಕು.

ಮೊದಲು ಗೋಡೆಗಳ ವಿಷಯ. ನಮ್ಮ ಹಾಲ್‌ಗೆ ನಾಲ್ಕು ಗೋಡೆಗಳಿವೆ ಎಂಬುದನ್ನು ನಾನು ತರ್ಕದಿಂದ ತಿಳಿದಿದ್ದೆನೇ ಹೊರತು ಕಣ್ಣಿನಿಂದ ನೋಡಿರಲಿಲ್ಲ. ಸುನಂದಾ ಒಬ್ಬಳೇ ಮಗಳು. ನಾವು ಈ ಫ್ಲಾಟಿಗೆ ಬಂದಾಗ ಲಿಂಗಸುಗೂರಿನಿಂದ ಅತ್ತೆ ಮಾವನೂ ನಮ್ಮೊಂದಿಗೆ ಇರಲು ಬಂದರು. ಅತ್ತೆ ಬಂದ ವಾರದಲ್ಲೇ ಮೊಳೆ ಸುತ್ತಿಗೆ ಕೇಳಿದರು. ಅವರಿಗೆ ಬರಿಗೋಡೆ ಕಂಡರೆ ಆಗುತ್ತಿರಲಿಲ್ಲ. ಉಣ್ಣೆಯಲ್ಲಿ ಹೆಣೆದ ಗಿಳಿ, ಮಣಿಯ ಆನೆಗಳ ಗಾಜಿನ ಕಪಾಟು, ನಿಂತುಹೋದ ಗಡಿಯಾರ, ಅದರ ಪಕ್ಕ ಓಡುವ ಗಡಿಯಾರ, ಚೀಲಗಳನ್ನು ತುಂಬಿಟ್ಟ ಚೀಲ, ಒಂದರ ಮೇಲೊಂದು ಏರಿಸಿದ ಹಿತ್ತಾಳೆ ಕೊಡಗಳು, ಟ್ರಂಕು, ಟ್ರಂಕಿನ ಮೇಲೆ ಹಳೆ ಸೀರೆಗಳನ್ನು ಸೇರಿಸಿ ಅವರೇ ಹೊಲಿದ ಕೌದಿಗಳು. ನಾನು ಕಚೇರಿಯಿಂದ ಬರುವಷ್ಟರಲ್ಲಿ ಗೋಡೆ ಇನ್ನೊಂದಿಷ್ಟು ಮುಚ್ಚಿರುತ್ತಿತ್ತು.

“ಇಷ್ಟೆಲ್ಲ ಯಾಕೆ ಅತ್ತೆ, ಸ್ವಲ್ಪ ಜಾಗ ಬಿಡಿ,” ಎಂದು ಒಮ್ಮೆ ಹೇಳಿದ್ದೆ.

“ಜಾಗ ಬಿಟ್ರ ಜ್ಯಾಡ ಬಲಿ ಕಟ್ಟತೈತ್ರಿ,” ಎಂದರು. ಅಲ್ಲಿಗೆ ವಾಸ್ತುಶಿಲ್ಪದ ಚರ್ಚೆ ಮುಗಿಯಿತು.

ಇನ್ನು ಮಾವ. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಹಗಲು ಸೀಟಿ, ಸಂಜೆ ತಬಲಾ. ಶ್ರಾವಣದ ಶನಿವಾರಗಳಂದು ಊರಿನ ಹನುಮಪ್ಪನ ಗುಡಿಯಲ್ಲಿ ಅವರ ಭಜನಾ ಮೇಳ. ಮೇಳದಲ್ಲಿ ತಬಲಾ ನುಡಿಸುವವರು ಇಬ್ಬರು, ಮಾವ ಮತ್ತು ಅವರ ಗೆಳೆಯ ವೀರಭದ್ರಪ್ಪ. ಒಬ್ಬರು ಕೈಸೋತಾಗ ಇನ್ನೊಬ್ಬರು ಕೂರುತ್ತಿದ್ದರು. ಒಂದು ಶನಿವಾರ ಯಾರೋ ಟೇಪ್‌ರೆಕಾರ್ಡರ್ ತಂದು ಒಂದು ಭಜನೆಯನ್ನು ಹಿಡಿದಿಟ್ಟರು. ಅದೊಂದೇ ಧ್ವನಿಮುದ್ರಣ, ಮೇಳದ ಇಡೀ ಆಯುಷ್ಯಕ್ಕೆ. ಆ ಭಜನೆಗೆ ತಬಲಾ ನುಡಿಸಿದವನು ತಾನು ಎಂದು ಮಾವ. ಅಲ್ಲ, ವೀರಭದ್ರಪ್ಪ ಎಂದು ಅತ್ತೆ.

ಈ ವ್ಯಾಜ್ಯ ನಾನು ಆ ಮನೆಯ ಅಳಿಯನಾಗುವುದಕ್ಕೆ ಎಷ್ಟೋ ಮೊದಲೇ ಶುರುವಾಗಿತ್ತು. ನಾನು ಕೇಳಿದ ಆವೃತ್ತಿ ಹೀಗೆ:

“ಅದು ನನ್ನ ಕೈ,” ಎನ್ನುವರು ಮಾವ.

“ನಿಮ್ಮ ಕೈಯಾಗ ಅವತ್ತು ಚಾದ ಬಟ್ಲ ಇತ್ತು. ಬಾರಸಾಕತ್ತಿದ್ದಾಂವ ವೀರಭದ್ರಣ್ಣ.”

“ನೀ ಕಂಡಿ?”

“ನಾ ಮೈಕಿನ ಬುಡದಾಗ ಕುಂತಿದ್ದೆ. ನನಗ ಗೊತ್ತಿಲ್ಲಂದ್ರ ಮತ್ತ್ಯಾರಿಗೆ ಗೊತ್ತಿರತೈತಿ?”

ಇದರಲ್ಲಿ ಅರ್ಧ ತಮಾಷೆ ಎಂದು ನನಗನಿಸುತ್ತಿತ್ತು. ಆದರೆ ಯಾವ ಅರ್ಧ ಎಂಬುದು ತಿಳಿಯುತ್ತಿರಲಿಲ್ಲ. ಅತ್ತೆಗೆ ಈ ವಿಷಯದಲ್ಲಿ ಗಂಡನನ್ನು ಕೆಣಕುವುದು ಊಟದ ಮೇಲಿನ ಎಲೆಅಡಿಕೆಯಂತೆ. ಮಾವ ಮನೆಯಲ್ಲಿ ಅಭ್ಯಾಸಕ್ಕೆ ಕುಳಿತರೂ ಅವರ ಕೆಣಕಾಟ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ ನೆಲಕ್ಕೆ ತಾಳ ತಟ್ಟುತ್ತಿದ್ದರು, ಅದೂ ತಪ್ಪಾಗಿ. ತಾಳದ ಪ್ರತಿ ಸುತ್ತಿನಲ್ಲೂ ಒಂದು ಕಡೆ ಕೈ ತಟ್ಟಬಾರದು, ಅಂಗೈ ಮೇಲೆ ಮಾಡಿ ಗಾಳಿಯಲ್ಲಿ ಬೀಸಿ ಬಿಡಬೇಕು. ಅದನ್ನು ಖಾಲಿ ಎನ್ನುತ್ತಾರೆ. ನುಡಿಸುವವನ ಎಡಗೈ ಕೂಡ ಆ ಜಾಗದಲ್ಲಿ ಸುಮ್ಮನಿರುತ್ತದೆ. ಇದನ್ನು ಮಾವ ನನಗೆ ಬೆರಳು ಹಿಡಿದು ಕಲಿಸಿದ್ದರು. ಅತ್ತೆ ಮಾತ್ರ ಖಾಲಿ ಬಂತೆಂದರೆ ಉಳಿದೆಲ್ಲಕ್ಕಿಂತ ಜೋರಾಗಿ ಒಂದು ತಟ್ಟುವರು.

“ಅಲ್ಲಿ ಬಡೀಬಾರ್ದು ಅಂತ ಎಷ್ಟು ಸಲ ಹೇಳ್ಬೇಕು?” ಎಂದು ಮಾವ ನುಡಿಸುವುದನ್ನು ನಿಲ್ಲಿಸುವರು.

“ನೀವು ಬಿಟ್ರಿ, ನಾ ತುಂಬಿದೆ,” ಎಂದು ಅತ್ತೆ ಸೊಪ್ಪಿನ ದಂಟು ಮುರಿಯುವರು.

ಅತ್ತೆ ತೀರಿಕೊಂಡ ಮೇಲೆ ಮಾವ ತಬಲಾದ ಮುಸುಕು ತೆಗೆಯಲಿಲ್ಲ. ಒಂದು ದಿನ ಸುನಂದಾ ಆ ಹಳೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿ ತಂದು ಟಿವಿಗೆ ಚುಚ್ಚಿ ಹಾಡಿಸಿದಳು, ಅಪ್ಪನಿಗೆ ಸಂತೋಷವಾಗಲಿ ಎಂದು. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಅಳಿಯಾರ, ಈ ಟಿವಿಯಾಗಿನ ತಬಲಜಿಗೆ ಎಡಗೈ ಇಲ್ಲೇನ್ರಿ?” ಎಂದರು.

ನಾನೂ ಕಿವಿಗೊಟ್ಟೆ. ನಿಜ. ಟಿಣ್ ಟಿಣ್ ಎನ್ನುವ ಬಲಗೈ ಮಾತ್ರ ಕೇಳುತ್ತಿತ್ತು. ಎಡಗಡೆಯ ಡಗ್ಗಾ, ಆ ಗುಂ ಎನ್ನುವ ಭಾಗ, ಇರಲೇ ಇಲ್ಲ. ತೆಳ್ಳನೆಯ ಟಿವಿಯ ಸ್ಪೀಕರಿಗೆ ಅಂಥ ಸದ್ದು ಹೊರಡಿಸುವ ಶಕ್ತಿಯಿಲ್ಲ ಎಂದು ವಿವರಿಸಿದೆ.

“ಬಲಗೈ ಯಾರದರ ಆಗಬೌದು ನೋಡ್ರಿ. ನಂದೂ ಹಂಗ, ವೀರಭದ್ರಂದೂ ಹಂಗ. ಎಡಗೈ ಅಂದ್ರ ಬ್ಯಾರೆ. ನಾ ಅಂಗೈ ಒತ್ತಿ ಎಳದ್ರ ಒಂದು ನಮೂನಿ ಗುಂ ಅಂತಿತ್ತು, ಅಂವಂಗ ಅದು ಬರ್ತಿದ್ದಿಲ್ಲ. ಎಡಗೈ ಕೇಳಿಸಿದ್ರ ಯಾರು ಬಾರ್ಸಿದ್ದು ಅಂತ ಗೊತ್ತಾಗತೈತಿ.” ಏಳುತ್ತ, “ಇನ್ನ ಗೊತ್ತಾದ್ರೂ ಹೇಳಾಕ ಅಕಿ ಎಲ್ಲಿದ್ದಾಳ,” ಎಂದರು.

ಮಾವ ಅಷ್ಟು ಹೇಳಿ ತಮ್ಮ ಕೋಣೆಗೆ ಹೋದರು. ನಾನು ಅಲ್ಲೇ ಕುಳಿತು, ಈ ಮನುಷ್ಯನ ಎಡಗೈಯನ್ನು ನಾನು ಕೇಳಿಸಿಯೇ ಸಿದ್ಧ ಎಂದು ತೀರ್ಮಾನಿಸಿದೆ. ಮೇಳದ ಉಳಿದವರೆಲ್ಲ ಹೋಗಿಬಿಟ್ಟಿದ್ದರು, ವೀರಭದ್ರಪ್ಪನೂ. ಅಲ್ಲಿ ನುಡಿಸಿದ್ದೆ ಎಂಬುದಕ್ಕೆ ಮಾವನಿಗೆ ಉಳಿದಿದ್ದು ಆ ಒಂದು ಟೇಪು. ವಿಷಯ ಅಷ್ಟು ಗಂಭೀರವಾಗಿತ್ತು. ಆದರೆ ಗಂಭೀರ ವಿಷಯಗಳಿಗೆ ನಾನು ಕೈಹಾಕುವ ರೀತಿಯನ್ನು ಈಗ ನೋಡಿ.

ಅತ್ತೆಯ ಸಾಮಾನಿನಲ್ಲಿ ಒಂದನ್ನೂ ಅಲ್ಲಾಡಿಸಕೂಡದು ಎಂದು ಸುನಂದಾ ಮೊದಲೇ ಹೇಳಿಬಿಟ್ಟಳು. ಹಾಗಾದರೆ ಗೋಡೆಯೊಳಗೇ ಕೊರೆದು ಕೂರಿಸುವ ಜಾತಿಯದೂ ಸಿಗುತ್ತದೆ ಎಂದೆ. ಟಿವಿಯ ಗೋಡೆಯ ಆಚೆ ಪಕ್ಕದ ಮನೆಯ ಪದ್ಮಾ ಇದ್ದಾರೆ. ಸುನಂದಾ ಆ ಗೋಡೆಗೆ ಬೆರಳಿನಿಂದ ಬಡಿದು ತೋರಿಸಿದಳು. “ಇಷ್ಟು ತೆಳ್ಳಗೈತಿ. ಇದರಾಗ ನೀವು ಪೆಟಿಗಿ ಕೂಡಿಸಿದ್ರ ಮುಂದಿನ ಅರ್ಧ ನಮ್ಮನ್ಯಾಗ, ಹಿಂದಿನ ಅರ್ಧ ಪದ್ಮಕ್ಕನ ಮನ್ಯಾಗ. ಹಬ್ಬಕ್ಕ ಇಬ್ರೂ ಪೂಜಿ ಮಾಡೂಣು.”

ಆಗ ನಾನು ವೈಜ್ಞಾನಿಕವಾಗಿ ನಡೆದುಕೊಂಡೆ. ಕೊಳ್ಳಬೇಕೆಂದಿದ್ದ ಸಬ್‌ವೂಫರಿನ ಅಳತೆಗೆ ಸರಿಯಾಗಿ ಒಂದು ರಟ್ಟಿನ ಡಬ್ಬಿ ಮಾಡಿದೆ. ಅದನ್ನು ಒಂದೊಂದು ಮೂಲೆಯಲ್ಲಿ ಇಟ್ಟು, ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿದೆ. ಸೋಫಾ ಹಿಂದೆ ಇಟ್ಟರೆ ಸೋಫಾ ಬಾಗಿಲಿಗೆ ಬಂತು. ಚಪ್ಪಲಿ ಗೂಡಿನ ಪಕ್ಕ ಇಟ್ಟರೆ ಬಂದವರೆಲ್ಲ ಅದರ ಮೇಲೆ ಕುಳಿತು ಶೂ ಬಿಚ್ಚುವರು. ನಾನು ಯೋಚಿಸುತ್ತಿದ್ದ ಹಾಗೇ ಡಬ್ಬಿ ಮನೆಯ ಸದಸ್ಯನಾಯಿತು. ಸುನಂದಾ ಅದರ ಮೇಲೆ ಈರುಳ್ಳಿ ಬುಟ್ಟಿ ಇಟ್ಟಳು. ಮಾವ ಕನ್ನಡಕ ಇಟ್ಟರು. ಒಂದು ಸಂಜೆ ಪೇಪರ್ ಓದುತ್ತಿದ್ದ ಮಾವ ತಮಗೆ ತಿಳಿಯದಂತೆ ಎಡಗೈಯಿಂದ ಅದನ್ನು ತಟ್ಟಿದರು. ಬಗ್ಗಿ ಇನ್ನೊಮ್ಮೆ ತಟ್ಟಿದರು.

“ಅಳಿಯಾರ, ಇದಽ ಚಲೋ ಸಪ್ಪಳ ಮಾಡತೈತಲ್ರಿ. ಇದನ್ನಽ ಇಟಗೊಂಡ್ರ ಹ್ಯಾಂಗ?”

ಕೊನೆಗೆ ಟ್ರಂಕಿಗೂ ಅಡುಗೆಮನೆಯ ಚೌಕಟ್ಟಿಗೂ ನಡುವಿನ ಸಂದು ಕಣ್ಣಿಗೆ ಬಿತ್ತು. ಅತ್ತೆ ಅಲ್ಲಿ ಊಟದ ಮಣೆಗಳನ್ನು ನಿಲ್ಲಿಸಿದ್ದರು. ಮಣೆ ತೆಗೆದು ಅಳತೆಪಟ್ಟಿ ಹಿಡಿದು ಅಳೆದೆ. ಪೆಟ್ಟಿಗೆ ಕೂರುತ್ತದೆ, ಆಚೆ ಈಚೆ ಒಂದೊಂದು ಬೆರಳು ಉಳಿಯುತ್ತದೆ. ಸಬ್‌ವೂಫರ್ ತರಿಸಿದೆ. ಜೋಡಿಸಿಕೊಡಲು ಬಂದವನು ಅದನ್ನು ಸಂದಿಗೆ ತಳ್ಳಿದ. ಅರ್ಧ ಹೋಗಿ ನಿಂತಿತು. ನಾನು ತಳ್ಳಿದೆ. ಇಬ್ಬರೂ ತಳ್ಳಿದೆವು. ನಾನು ಅಳೆದದ್ದು ನನ್ನ ಸೊಂಟದ ಎತ್ತರದಲ್ಲಿ. ಬಗ್ಗಿ ಅಳೆಯಲು ಬೇಸರ. ಕೆಳಗೆ, ಗೋಡೆಯ ಬುಡಕ್ಕೆ ಅಂಟಿಸಿದ ಟೈಲಿನ ಪಟ್ಟಿ ಹೊರಕ್ಕೆ ಚಾಚಿಕೊಂಡಿತ್ತು. ಪೆಟ್ಟಿಗೆಯೋ ನೆಲದ ಮೇಲೆ ಕೂರುವಂಥದ್ದು, ಸೊಂಟದ ಎತ್ತರದಲ್ಲಿ ತೇಲುವಂಥದ್ದಲ್ಲ. ಊರಿನವರ ತಪ್ಪನ್ನೆಲ್ಲ ಹುಡುಕಿ ಸಂಬಳ ಪಡೆಯುವವನ ಪಾಡು ಇದು.

“ಸಾಬ್, ದೀವಾರ್ ಕಾಟ್‌ನಾ ಕ್ಯಾ?” ಎಂದು ಬಂದವನು ಕೇಳಿದ. ಗೋಡೆ ಕತ್ತರಿಸಲೇ ಎಂದು.

ಮಾವ ನಾನು ತೆಗೆದಿಟ್ಟಿದ್ದ ಮಣೆಗಳಲ್ಲಿ ಎರಡನ್ನು ಒಂದರ ಮೇಲೊಂದು ಇಟ್ಟು ಕಾಲಿನಿಂದ ಸಂದಿಗೆ ಸರಿಸಿದರು. ಸುನಂದಾ ಅದರ ಮೇಲೆ ಒಂದು ಹಳೆಯ ಕೌದಿಯನ್ನು ಮಡಿಸಿ ಹಾಕಿದಳು, ಕೆಳಗಿನ ಮನೆಗೆ ಅದುರದಿರಲಿ ಎಂದು. ಪೆಟ್ಟಿಗೆ ಟೈಲಿನ ಪಟ್ಟಿಯನ್ನು ದಾಟಿ, ಅತ್ತೆಯ ಮಣೆ, ಅತ್ತೆಯ ಕೌದಿ ಇವುಗಳ ಮೇಲೆ, ಅತ್ತೆಯ ಟ್ರಂಕಿಗೆ ಒತ್ತಿಕೊಂಡು ಕುಳಿತಿತು. ಸದ್ದಿನ ಶಾಸ್ತ್ರ ಓದಿದವರು ನೋಡಿದರೆ ನಕ್ಕಾರು. ಈ ಪೆಟ್ಟಿಗೆಯನ್ನು ಮೂಲೆಗೆ ಒತ್ತಬಾರದು, ತಗ್ಗಿನ ಸದ್ದು ಇದ್ದದ್ದಕ್ಕಿಂತ ದಪ್ಪವಾಗುತ್ತದೆ ಎಂದು ನಾನು ಓದಿದ್ದೆ. ಆದರೆ ಬೇರೆ ಎಲ್ಲಿಡಲಿ?

ಈಗ ಆ ಭಾನುವಾರ. ಬೆಳಿಗ್ಗೆ ತಿಂಡಿಯಾಗಿತ್ತು. ಮಾವ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕುಳಿತರು. ಅದನ್ನು ನೋಡಿಯೇ ನನಗೆ ಹೆದರಿಕೆ ಶುರುವಾಯಿತು. ಪೆನ್‌ಡ್ರೈವ್ ಚುಚ್ಚಿದೆ.

ಮೊದಲು ಕೇಳಿದ್ದು ಒಂದು ಗುಂಯ್ ಎಂಬ ಸದ್ದು. ಮಾವ ಬೆನ್ನು ನೆಟ್ಟಗೆ ಮಾಡಿದರು. ಅದು ಡಗ್ಗಾ ಅಲ್ಲ, ಬಿಡದೆ ಬರುತ್ತಿತ್ತು, ಬಹುಶಃ ಗುಡಿಯ ಫ್ಯಾನು. ಆಮೇಲೆ ಹಾಡು ಬಂತು, ತಾಳ ಬಂತು, ಬಲಗೈಯ ಟಿಣ್ ಟಿಣ್ ಬಂತು. ಎಡಗೈ ಬರಲಿಲ್ಲ. ನಾನು ಗುಂಡಿ ತಿರುಗಿಸಿದೆ. ಫ್ಯಾನು ಜೋರಾಯಿತು. ಆಗ ನನಗೆ ಹೊಳೆದದ್ದು ಕೊಳ್ಳುವ ಮೊದಲೇ ಹೊಳೆಯಬೇಕಾಗಿತ್ತು. ಮೈಕು ಇದ್ದದ್ದು ಹಾಡುವವನ ಬಾಯಿಯ ಹತ್ತಿರ. ದೂರದ ಡಗ್ಗಾದ ಗುಂಕಾರವನ್ನು ಅದು ಹಿಡಿದೇ ಇರಲಿಲ್ಲ. ಟೇಪಿನೊಳಗೆ ಇಲ್ಲದ್ದನ್ನು ಯಾವ ಪೆಟ್ಟಿಗೆ ತಾನೇ ಹೊರಗೆ ತಂದೀತು? ಮಾವನ ಮುಖ ನೋಡುವ ಧೈರ್ಯವಾಗದೆ ನಾನು ಕೌದಿಯ ಹೊಲಿಗೆ ನೋಡುತ್ತ ನಿಂತೆ.

ಆಗ ಇನ್ನೊಂದು ಸದ್ದು. ಇದನ್ನು ಸರಿಯಾಗಿ ಹೇಳಬೇಕು. ಧಪ್ ಎಂಬಂಥದ್ದು, ಒಣ ಸದ್ದು, ಉದ್ದಕ್ಕೆ ಎಳೆಯುತ್ತಿರಲಿಲ್ಲ. ಟಿವಿಯಲ್ಲಿ ಅದು ಒಮ್ಮೆಯೂ ಕೇಳಿರಲಿಲ್ಲ. ಕಿವಿಗೆ ಬರುವ ಮೊದಲು ನನ್ನ ಅಂಗಾಲಿಗೆ ಬಂತು. ಮತ್ತೆ ಬಂತು. ಮೊದಲು ಅಳುಕಿದಂತೆ, ಆಮೇಲೆ ಗಟ್ಟಿಯಾಗಿ, ಹಾಡಿನ ಜೊತೆಗೇ ನಡೆಯತೊಡಗಿತು.

“ಅಪ್ಪಾ, ಬಂತಲ್ಲ ನಿನ್ನ ಎಡಗೈ,” ಎಂದಳು ಸುನಂದಾ.

ಮಾವ ಕೈಯೆತ್ತಿ ಸುಮ್ಮನಿರುವಂತೆ ಹೇಳಿದರು. ಬಾಗಿಲಲ್ಲಿ ಪಕ್ಕದ ಮನೆಯ ಪದ್ಮಾ ನಿಂತಿದ್ದರು. “ಸುನಂದಗಾರೂ, ಕಾರಂ ದಂಚುತುನ್ನಾರಾ?” ಖಾರ ಕುಟ್ಟುತ್ತಿದ್ದೀರಾ ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಗೋಡೆಯಾಚೆ ಅವರಿಗೆ ಹಾಡು ಕೇಳಿಲ್ಲ, ತಬಲಾ ಕೇಳಿಲ್ಲ, ಯಾರೋ ಕೈಯಾರೆ ಕುಟ್ಟುವುದು ಮಾತ್ರ ಕೇಳಿದೆ. ಸುನಂದಾ ಅವರನ್ನು ಒಳಗೆ ಕರೆದು ಕೂರಿಸಿದಳು.

“ಇನ್ನೊಮ್ಮೆ ಹಚ್ಚರಿ,” ಎಂದರು ಮಾವ.

ಹಚ್ಚಿದೆ. ಈ ಸಲ ಅವರು ತಾಳ ಹಾಕುತ್ತ ಕೇಳಿದರು. ನಾನು ಅವರ ಕೈಯನ್ನು ನೋಡುತ್ತಿದ್ದೆ. ಕೈ ತೊಡೆಗೆ ಬಿದ್ದಾಗ ಪೆಟ್ಟಿಗೆಯಲ್ಲಿ ಧಪ್. ಆಮೇಲೆ ಬೆರಳಿನಲ್ಲಿ ಮಾತ್ರೆಗಳ ಎಣಿಕೆ. ಅಂಗೈ ಮೇಲಾಗಿ ಗಾಳಿಗೆ ಎದ್ದಿತು, ಖಾಲಿ. ಆಗಲೂ ಪೆಟ್ಟಿಗೆಯಲ್ಲಿ ಧಪ್, ಉಳಿದೆಲ್ಲಕ್ಕಿಂತ ಜೋರಾಗಿ. ಮಾವನ ಕೈ ಎದ್ದಲ್ಲೇ ನಿಂತಿತು. ಹಾಡು ಮುಂದೆ ಹೋಯಿತು. ಮುಂದಿನ ಸುತ್ತಿಗೆ ಅದೇ ಜಾಗದಲ್ಲಿ ಮತ್ತೆ ಧಪ್.

“ಇದು ಡಗ್ಗಾ ಅಲ್ರಿ,” ಎಂದರು ಮಾವ. “ಖಾಲಿಗೆ ಎಡಗೈ ಹಾಕಂಗಿಲ್ಲ. ನಾನೂ ಹಾಕಂಗಿಲ್ಲ, ವೀರಭದ್ರನೂ ಹಾಕಂಗಿಲ್ಲ.”

“ಮತ್ತೆ ಇದೇನು ಮಾವ?” ಎಂದೆ. ಕೇಳಬೇಕಾಗಿರಲಿಲ್ಲ.

“ಗುಡಿಯಾಗ ಹಲಗಿ ಹಾಸಿದ್ರು. ಮೈಕಿನ ಕಂಬ ಆ ಹಲಗಿ ಮ್ಯಾಲ ಇತ್ತು. ಕಂಬದ ಬುಡದಾಗ ಯಾರು ಕುಂತಿದ್ರು ಅಂತ ಅಕಿನಽ ಹೇಳ್ಯಾಳಲ್ಲ, ಜನಮಪೂರ್ತಿ.”

ಸುನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕನ್ನಡ ಬಾರದ ಪದ್ಮಾ ನಮ್ಮ ಮೂವರ ಮುಖವನ್ನೂ ನೋಡಿ, ತಾವೂ ಸೆರಗು ಸರಿಮಾಡಿಕೊಂಡರು. ನಾನು ಏನು ಮಾಡಿದೆ ಎಂದು ಹೇಳಲೇಬೇಕಾದರೆ, ಗುಂಡಿಯನ್ನು ಸುಮ್ಮನೆ ಒರೆಸುತ್ತಿದ್ದೆ. ಎಡಗೈ ಹುಡುಕಿಕೊಡುತ್ತೇನೆಂದು ಹೊರಟು ಈ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂದು ನನಗೆ ಅಳುಕು. ನಿಮ್ಮ ಕೈ ಸಿಗಲಿಲ್ಲ ಮಾವ ಎಂದು ಏನೋ ಹೇಳಲು ಹೋದೆ.

“ಸಿಕ್ಕಿತಲ್ರಿ,” ಎಂದರು ಅವರು. ಮುಖದಲ್ಲಿ ಡ್ರಿಲ್ ಮಾಸ್ತರರ ಹಳೆಯ ಬಿಗಿ. “ವೀರಭದ್ರ ಬಾರಸೂ ಮುಂದ ಅಕಿ ತಾಳ ಹಾಕ್ತಿದ್ಲೇನು? ಕೈ ಕಟಗೊಂಡು, ತಲಿ ಮ್ಯಾಲ ಸೆರಗ ಹೊತಗೊಂಡು ಕುಂದ್ರತಿದ್ಲು. ಖಾಲಿ ಸಿಕ್ರ ಬಡಿಯೂದು ನನ್ನ ಮುಂದ ಅಷ್ಟಽ. ಅದು ನನ್ನ ಕೈ ಅಂತ ಅಕಿಗೆ ಗೊತ್ತಿತ್ತು. ಗೊತ್ತಿತ್ತಂತಲೇ ಬಡದಾಳ.”

ಅಷ್ಟು ಹೇಳಿ ಅವರು ನಕ್ಕರು. ನಗುವಿನ ನಡುವೆ ಎದ್ದು ಕೋಣೆಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಪೌಡರ್ ಡಬ್ಬಿ ಇತ್ತು. ಡಗ್ಗಾದ ಮೇಲೆ ಅಂಗೈ ಜಾರಲೆಂದು ತಬಲಾದವರು ಎಡಗೈಗೆ ಪೌಡರು ಹಚ್ಚಿಕೊಳ್ಳುತ್ತಾರೆ. ತಬಲಾ ಮಂಚದ ಕೆಳಗೆ ಮುಸುಕಿನಲ್ಲಿತ್ತು. ಅದನ್ನು ತೆಗೆಯುವಷ್ಟು ವ್ಯವಧಾನ ಇರಲಿಲ್ಲವೋ ಏನೋ, ಸಬ್‌ವೂಫರಿನ ಪಕ್ಕ ನೆಲದ ಮೇಲೆ ಕುಳಿತು, ಅಂಗೈಗೆ ಪೌಡರು ಸುರಿದುಕೊಂಡು, ಹಾಡು ಹಚ್ಚಲು ಹೇಳಿ, ಆ ಕರಿ ಪೆಟ್ಟಿಗೆಯ ಮೇಲೇ ಎಡಗೈ ಆಡಿಸಿದರು. ಟೇಪಿನಲ್ಲಿ ಇಲ್ಲದ ಭಾಗವನ್ನು ಮೇಲಿನಿಂದ ತುಂಬುತ್ತಿದ್ದರು. ಖಾಲಿ ಬಂದಾಗ ಮಾತ್ರ ಕೈಯೆತ್ತಿ ಕಾಯುತ್ತಿದ್ದರು. ಒಳಗಿನಿಂದ ಧಪ್. ಆಮೇಲೆ ಮುಂದುವರಿಸುವರು. ಒಮ್ಮೆಯೂ ಬೈಯಲಿಲ್ಲ.

ಆ ಪೌಡರು ಇದು. ಆಮೇಲೆ ಎಷ್ಟೋ ಭಾನುವಾರಗಳ ಪೌಡರು ಸೇರಿಕೊಂಡಿದೆ. ಮಾವ ಈಗ ತಮ್ಮನ ಮನೆಯ ಮದುವೆಗೆಂದು ಲಿಂಗಸುಗೂರಿಗೆ ಹೋಗಿದ್ದಾರೆ. ಬಣ್ಣದ ಸುದ್ದಿ ತಿಳಿದು ಮೊನ್ನೆ ಫೋನ್ ಮಾಡಿದ್ದರು. “ಗ್ವಾಡಿ ಎಲ್ಲಾ ಬರಿದು ಆಗ್ಯಾವಂತಲ್ಲ. ಈಗರ ಪೆಟಿಗಿನ ಚಲೋ ಜಾಗಾದಾಗ ಇಡ್ರಿ ಅಳಿಯಾರ. ನಿಮಗ ಭಾಳ ಆಸೆ ಇತ್ತು.”

ಇತ್ತು, ನಿಜ. ಸಾಮಾನೆಲ್ಲ ನಡುವೆ ಗುಡ್ಡೆಯಾಗಿ ನಾಲ್ಕೂ ಗೋಡೆಗಳು ಕಂಡಾಗ, ಬಣ್ಣ ಒಣಗಿದ ಮೇಲೆ, ಪೆಟ್ಟಿಗೆಯನ್ನು ಶಾಸ್ತ್ರ ಹೇಳುವ ಜಾಗದಲ್ಲೇ ಇಟ್ಟೆ. ಈ ಸಲ ಬಗ್ಗಿ, ನೆಲದ ಮಟ್ಟದಲ್ಲಿ ಅಳೆದೆ. ಆ ಭಜನೆ ಹಚ್ಚಿದೆ. ಹಾಡು ಎಂದೂ ಇಲ್ಲದಷ್ಟು ಶುಭ್ರವಾಗಿ ಕೇಳಿತು. ಫ್ಯಾನಿನ ಗುಂಯ್ ಅಡಗಿತು. ಧಪ್ ಎನ್ನುವುದೂ ಅಡಗಿತು. ಇತ್ತು, ಗಮನವಿಟ್ಟರೆ ಕೇಳುತ್ತಿತ್ತು. ಅಂಗಾಲಿಗೆ ಮಾತ್ರ ಬರಲಿಲ್ಲ. ಸುನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಟ್ರಂಕನ್ನು ಗೋಡೆಗೆ ತಳ್ಳಿ, ಮಣೆ ಇಟ್ಟು, ಕೌದಿ ಮಡಿಸಿ ಹಾಕಿ, ಪೆಟ್ಟಿಗೆಯನ್ನು ಹಳೆಯ ಸಂದಿಗೇ ಸೇರಿಸಿದೆ. ಗಿಳಿಯನ್ನೂ ಎರಡು ಗಡಿಯಾರಗಳನ್ನೂ ಹೊಸ ಬಣ್ಣದ ಮೇಲೆ ತೂಗುಹಾಕಲು ಮೊಳೆ ಹುಡುಕತೊಡಗಿದೆ.

ಆಮೇಲೆ ಮಾವನಿಗೆ ಫೋನ್ ಮಾಡಿ, ಎಲ್ಲ ಇದ್ದಲ್ಲೇ ಇದೆ ಎಂದು ತಿಳಿಸಿ, ಹಾಡು ಮತ್ತೆ ಹಚ್ಚಿ, ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದೆ. ಹಾಡು ನಡೆಯುತ್ತಿತ್ತು. ನಾನು ಪಕ್ಕದಲ್ಲಿ ಕುಳಿತಿದ್ದೆ. ಮುಗಿದ ಮೇಲೆ ಫೋನ್ ಕಿವಿಗೆ ಹಚ್ಚಿದೆ. ಆ ಕಡೆ ಮದುವೆಮನೆಯ ಗದ್ದಲ.

“ಕೇಳಿಸಿತೇ ಮಾವ?”

“ಹಾಡು ಕೇಳಿಸ್ತು. ಖಾಲಿಗೆ ಯಾರೋ ಬಡದಿದ್ದೂ ಕೇಳಿಸ್ತು. ಚಲೋ ಕೇಳಿಸ್ತು.”

ಕಂಡದ್ದನ್ನು ಕಂಡಷ್ಟೇ ಹೇಳುವ ಚಾಳಿಯವನು ನಾನು. ಅಷ್ಟು ತಗ್ಗಿನ ಸದ್ದು ಫೋನಿನಲ್ಲಿ ದಾಟುವುದಿಲ್ಲ. ದಾಟುವಂತೆಯೇ ಇಲ್ಲ. ಅದನ್ನು ಅವರಿಗೆ ವಿವರಿಸಬೇಕೆಂದು ಬಾಯಿ ತೆರೆದವನು ಪೆಟ್ಟಿಗೆಯ ಕಡೆ ನೋಡಿದೆ. ನನ್ನ ಬಲಗೈಯಲ್ಲಿ ಫೋನಿತ್ತು. ಎಡಗೈ ಪೆಟ್ಟಿಗೆಯ ಮೇಲಿತ್ತು. ಎತ್ತಿ ನೋಡಿದರೆ ಅಂಗೈ ತುಂಬ ಬಿಳಿ ಪೌಡರು.

“ಯಾರ್ರೀ ಅದು,” ಎಂದರು ಮಾವ, “ಖಾಲಿಗೆ ಬಡದವರು?”